ಅರಸನ ಓಲಗದಲ್ಲಿ ಶರಣನ ನಿಲುವು



ಹೊಲದ ಬದು, ಮನೆಯ ಪಾಲು, ಸಾಲದ ಪತ್ರ ಇವುಗಳಲ್ಲೊಂದರ ನಿಮಿತ್ತ ನ್ಯಾಯಾಲಯದ ಮೆಟ್ಟಿಲೇರಿದ ಕುಟುಂಬಗಳು ನಮ್ಮಲ್ಲಿ ವಿರಳವಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳುತ್ತ ಹೋದಂತೆ, ಪರಶಿವನು ಸತ್ಯವಂತರ ಕೈಬಿಟ್ಟನೇ ಎಂಬ ಸಂದೇಹ ಮೂಡುವುದು ಸಹಜ. ಅಂತಹ ವೇಳೆಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಸ್ಮರಿಸುವುದು ಶ್ರೇಯಸ್ಕರ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ವ್ಯಯಿಸುತ್ತಿದ್ದಾರೆಂದು ಕೊಂಡೆಯರು ಅರಸನಿಗೆ ದೂರಿತ್ತರು. ಅಣ್ಣನವರು ವಿಚಾರಣೆಗೆ ಹಿಂಜರಿಯದೆ ಲೆಕ್ಕ ಒಪ್ಪಿಸಿದರೆಂದೂ, ಭಂಡಾರದಲ್ಲಿ ಕೊರತೆಯೇನೂ ಕಾಣಲಿಲ್ಲವೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ.

ಆದರೆ ಸತ್ಯವಂತನಿಗೆ ಅರಸನ ಓಲಗದಲ್ಲಿ ಸದಾ ಜಯ ದೊರೆಯದು. ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳು ಲಾವಣ್ಯಳಿಗೂ ನಡೆದ ವಿವಾಹವು ವರ್ಣಾಶ್ರಮಕ್ಕೆ ವಿರುದ್ಧವೆಂದು ಅದೇ ಬಿಜ್ಜಳನು ಎಳೆಹೂಟೆಯ ಶಿಕ್ಷೆ ವಿಧಿಸಿದನೆಂಬುದು ಶರಣಚರಿತ್ರೆಯ ಪ್ರಸಿದ್ಧ ವೃತ್ತಾಂತ. ಆ ಶರಣರು ದೇಹವನ್ನು ತೆತ್ತರೇ ಹೊರತು ನಿಷ್ಠೆಯನ್ನು ಬಿಡಲಿಲ್ಲ. ದೇವರಲ್ಲಿ ಭರವಸೆ ಎಂದರೆ ದಾವೆ ಗೆಲ್ಲುವೆನೆಂಬ ಖಾತರಿಯಲ್ಲ; ತೀರ್ಪು ಏನೇ ಬರಲಿ, ಸತ್ಯದಿಂದ ಕದಲೆನೆಂಬ ಧೈರ್ಯ.

ಹಾಗೆಂದು ಕೈಕಟ್ಟಿ ಕುಳಿತಿರುವುದೂ ಭಕ್ತಿಯಲ್ಲ. 1987ರಲ್ಲಿ ರಚಿತವಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರಾಯಿತು. ನ್ಯಾಯಾಲಯದಲ್ಲಿರುವ ವ್ಯಾಜ್ಯ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ಹಿಂದಿರುಗುತ್ತದೆ. ಅದರ ಮೇಲೆ ಮೇಲ್ಮನವಿಯೂ ಇಲ್ಲವಾದ್ದರಿಂದ ಅಣ್ಣತಮ್ಮಂದಿರ ಕಲಹ ಅಲ್ಲಿಗೇ ಮುಗಿಯುತ್ತದೆ.

ದಾವೆ ಹೂಡುವ ಮುನ್ನ ಮಾಡಬೇಕಾದ ವಿಚಾರಣೆ ಇನ್ನೊಂದುಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ವಿಧಿಸಿದೆ. ಅಕ್ಕತಂಗಿಯರ ಪಾಲನ್ನು ಮರೆಮಾಚಿ, ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಗೆಲುವು ಬೇಡಿದರೆ ಆ ಪ್ರಾರ್ಥನೆ ಯಾರಿಗೆ ಮುಟ್ಟೀತು? ನ್ಯಾಯಾಧೀಶರಿಗೆ ಕಾಗದಪತ್ರಗಳಷ್ಟೇ ಕಾಣುತ್ತವೆ. ಕೂಡಲಸಂಗಮನಿಗೆ ಮನಸ್ಸಿನ ಲೆಕ್ಕವೂ ಕಾಣುತ್ತದೆ. ಅಣ್ಣನವರಂತೆ ಮೊದಲು ನಮ್ಮ ಭಂಡಾರದ ಬಾಗಿಲು ತೆರೆಯೋಣ. ಅನಂತರ ಯಾವ ಕಟಕಟೆಯಲ್ಲಿ ನಿಂತರೂ ಅಂಜಿಕೆಯಿರದು.