ಹೆಸರಿಲ್ಲದ ನರ್ತಕಿ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯವು ಕಾರ್ಖಾನೆಗಳ ಸದ್ದಿಗೆ ಹೆಸರಾದ ಸ್ಥಳ. ಅಲ್ಲಿಯೂ ಕೆಲವು ಸುಶಿಕ್ಷಿತ ಕುಟುಂಬಗಳ ನಡುಮನೆಯಲ್ಲಿ ಸ್ಪೇನ್ ದೇಶದ ನರ್ತಕಿಯ ವರ್ಣಪಟವು ಈಗ ಕಾಣತೊಡಗಿದೆ. ಕೆಂಪು ಲಂಗ, ಕೈಯಲ್ಲಿ ಬೀಸಣಿಗೆ, ಮುಡಿಯಲ್ಲಿ ಹೂವು. ಪರದೇಶದ ನರ್ತಕಿಯು ಗೃಹಸ್ಥರ ಗೋಡೆಗೆ ತಕ್ಕವಳಲ್ಲವೆಂದು ಹಿರಿಯರು ಮುನಿಯುವರು. ಗೋಡೆಯ ಬಣ್ಣಕ್ಕೆ ಒಪ್ಪುವಳೆಂದು ಕಿರಿಯರು ಸಮಾಧಾನ ಹೇಳುವರು. ಈ ವಾದದಲ್ಲಿ ಸೋತವರು ಇಬ್ಬರೂ ಸರಿಯೆ. ಪಟದಲ್ಲಿರುವವಳು ಯಾರೆಂದು ಒಬ್ಬರಾದರೂ ಕೇಳಲಿಲ್ಲ.

ಕೇಳಿದ್ದರೂ ಉತ್ತರವು ದೊರೆಯುತ್ತಿರಲಿಲ್ಲ. ಇಂತಹ ಎಷ್ಟೋ ಪಟಗಳಲ್ಲಿ ಮುಖವೇ ಇಲ್ಲ. ನರ್ತಕಿಯು ಬೆನ್ನು ತಿರುಗಿಸಿ ನಿಂತಿರುವಳು. ಮುಖವಿಲ್ಲದುದನ್ನು ಭಾವಚಿತ್ರವೆನ್ನುವುದೆಂತು? ಅದು ಲಂಗದ ಚಿತ್ರ. ಪಾಶ್ಚಾತ್ಯರ ಪದ್ಧತಿಯೇ ಹೀಗೆಂದು ಯಾರಾದರೂ ಹೇಳಿದರೆ ನಂಬಲಾಗದು. 1862ರಲ್ಲಿ ಪ್ಯಾರಿಸಿಗೆ ಬಂದ ಸ್ಪೇನಿನ ತಂಡದ ನರ್ತಕಿಯನ್ನು ಮಾನೆ ಎಂಬ ಚಿತ್ರಕಾರನು ಬರೆದಾಗ, ‘ವಾಲೆನ್ಸಿಯಾದ ಲೋಲಾ’ ಎಂದು ಅವಳ ಹೆಸರನ್ನೇ ಪಟಕ್ಕಿಟ್ಟನು. 1890ರಲ್ಲಿ ಸಾರ್ಜೆಂಟನು ಕಾರ್ಮೆನ್ಸಿತಾಳನ್ನು ಬರೆದನು: ಹೊಂಬಣ್ಣದ ಉಡುಪು, ಸೊಂಟದ ಮೇಲೆ ಕೈ, ಎತ್ತಿದ ಗಲ್ಲ, ನೋಡುವವನನ್ನೇ ಅಳೆಯುವಂತಹ ನಿಲುವು. 1892ರಲ್ಲಿ ಫ್ರಾನ್ಸಿನ ಸರ್ಕಾರವು ಅದನ್ನು ಕೊಂಡುಕೊಂಡಿತು. ಕೊಂಡದ್ದು ಲಂಗವನ್ನಲ್ಲ.

ಇದು ಹೊರಗಿನವರ ಪಾಠವೆಂದು ಮೂಗು ಮುರಿಯಬೇಕಾಗಿಲ್ಲ. ಕಾಳಿದಾಸನ ಅಗ್ನಿಮಿತ್ರನು ನರ್ತನವನ್ನು ಕಲಿಯುತ್ತಿದ್ದ ಮಾಳವಿಕೆಯನ್ನು ಮೊದಲು ಕಂಡದ್ದು ಚಿತ್ರದಲ್ಲಿ. ಕಂಡೊಡನೆ ಕೇಳಿದ್ದು ಅವಳಾರೆಂದು. ರಾಣಿ ಧಾರಿಣಿಯು ಬಾಯಿ ಬಿಡಲಿಲ್ಲ. ಬಾಲೆ ವಸುಲಕ್ಷ್ಮಿಯು ಹೇಳಿಬಿಟ್ಟಳು. ನಾಟಕವೆಲ್ಲವೂ ಬೆಳೆದುದು ಆ ಒಂದು ಪ್ರಶ್ನೆಯಿಂದ. ನೃತ್ತಶಾಸ್ತ್ರವನ್ನರಿಯದವನಿಗೆ ಚಿತ್ರಸೂತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಹೇಳಿರುವನು. (ಆ ಗ್ರಂಥವನ್ನು ಹೊಗಳುವವರು ಊರಿಗೆ ಹತ್ತು ಮಂದಿ ಇರುವರು, ಓದಿದವರನ್ನು ಎಣಿಸುವ ಶ್ರಮವಿಲ್ಲ.)

ಇನ್ನು ಮುನಿದ ಹಿರಿಯರ ಮಾತು. ಪರದೇಶದವಳು ಬೇಡವೆಂದರೆ ಸ್ವದೇಶದವಳು ಬೇಕಲ್ಲವೆ? ಮೈಸೂರು ಅರಮನೆಯಲ್ಲಿ ನರ್ತಿಸಿದ ಜಟ್ಟಿ ತಾಯಮ್ಮನವರು 1857ರಿಂದ 1947ರವರೆಗೆ ಬಾಳಿದರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು 1992ರಲ್ಲಿ ಪದ್ಮಭೂಷಣರಾಗಿ 2002ರವರೆಗೂ ಇದ್ದರು. ಈ ಇಬ್ಬರ ವಿದ್ಯೆಯ ಜೀವವು ಅಭಿನಯ, ಎಂದರೆ ಮುಖ. ಆ ಮುಖಗಳು ಮುನಿದವರ ಯಾವ ಗೋಡೆಯ ಮೇಲಿವೆ? ಕೇಳುವವರಿಲ್ಲದ ಪಟವನ್ನು ಅಂಗಡಿಯವನು ಏಕೆ ಇಟ್ಟಾನು? ಗಿರಾಕಿಯನ್ನು ಅವನು ಕೇಳುವುದು ಗೋಡೆಯ ಉದ್ದ ಅಗಲಗಳನ್ನು ಮಾತ್ರ.