ಬೆಟ್ಟದ ಮೇಲೆ ಕೆರೆ ಇರಬೇಕೆ?

ಮಳೆಗಾಲ ಮುಗಿದ ಮೇಲಿನ ಶನಿವಾರಗಳಲ್ಲಿ ಜಾಲ್ಸೂರಿನ ಕೂಡುರಸ್ತೆಗೆ ಬೆಳಗಾಗುವ ಮೊದಲೇ ಎಚ್ಚರವಾಗುತ್ತದೆ. ಚೆರ್ಕಳ, ಮುಳ್ಳೇರಿಯ, ಆದೂರು ದಾಟಿ ಬಂದ ಬೈಕುಗಳು ಇಲ್ಲಿ ಮಾಣಿ–ಮೈಸೂರು ಹೆದ್ದಾರಿಗೆ ಸೇರಿ, ಪೈಚಾರಿನಲ್ಲಿ ಎಡಕ್ಕೆ ತಿರುಗಿ, ಗುತ್ತಿಗಾರಿನ ಮೇಲಾಗಿ ಸುಬ್ರಹ್ಮಣ್ಯದ ಕಡೆ ಹೋಗುತ್ತವೆ. ಬೆನ್ನಿಗೆ ದೊಡ್ಡ ಚೀಲ ಬಿಗಿದುಕೊಂಡ ಹುಡುಗರೆಲ್ಲ ಕುಮಾರ ಪರ್ವತಕ್ಕೆ ಹೊರಟವರು. ಅಂಥ ತಂಡವೊಂದು ಬೆಟ್ಟ ಇಳಿದು ವಾಪಸಾಗುವಾಗ ಇಲ್ಲಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿತ್ತು. "ಅಣ್ಣಾ, ಮೇಲೆ ಒಂದು ಲೇಕ್ ಇದ್ದಿದ್ದರೆ ಥೇಟ್ ಸ್ವಿಜರ್ಲೆಂಡೇ" ಎಂದ ಒಬ್ಬ, ಮೊಬೈಲಿನ ಫೋಟೋ ತೋರಿಸುತ್ತ. ಹೋಟೆಲಿನವರು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಅಷ್ಟು ಎತ್ತರದಲ್ಲಿ ಕೆರೆ ಇದ್ದರೆ ಕೆಳಗೆ ನಾವು ಬದುಕುವುದು ಬೇಡವಾ ಮಾರಾಯ?"

ತಮಾಷೆಗೆ ಹೇಳಿದ ಮಾತಾದರೂ ಅದರಲ್ಲಿ ಹುರುಳಿದೆ. 2013ರ ಜೂನ್ ತಿಂಗಳಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಸರೋವರ ದಂಡೆಯೊಡೆದು ಊರಿನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ಕಂಡವರು ಮರೆತಿರಲಾರರು. 2023ರ ಅಕ್ಟೋಬರಿನಲ್ಲಿ ಸಿಕ್ಕಿಮ್‌ನ ದಕ್ಷಿಣ ಲೋನಕ್ ಸರೋವರ ಒಡೆದಾಗ ತೀಸ್ತಾ ಕಣಿವೆಯಲ್ಲಿ ಚುಂಗ್‌ತಾಂಗ್ ಅಣೆಕಟ್ಟೆಯೇ ಕೊಚ್ಚಿಹೋಯಿತು. ಚಿತ್ರಪಟದಲ್ಲಿ ಕನ್ನಡಿಯ ಹಾಗೆ ಮಲಗಿರುವ ಇಂಥ ಸರೋವರಗಳು ನಿಂತಿರುವುದು ಹಿಮನದಿ ಹೊತ್ತು ತಂದು ರಾಶಿ ಹಾಕಿದ ಸಡಿಲ ಕಲ್ಲುಮಣ್ಣಿನ ದಂಡೆಯ ಬಲದಲ್ಲಿ. ಹಿಮ ಬೇಗ ಕರಗಿದಷ್ಟೂ ನೀರು ಏರುತ್ತದೆ, ದಂಡೆ ಮಾತ್ರ ಅದೇ ಹಳೆಯದು.

ಹುಡುಗರು ಮೆಚ್ಚುವ ಆ ಹಸಿರು ಬೆರೆತ ನೀಲಿ ಬಣ್ಣವೂ ಹಿಮದ್ದೇ ಕೆಲಸ. ಗಟ್ಟಿ ಹಿಮದ ಹೊರೆ ತನ್ನ ಭಾರಕ್ಕೆ ತಾನೇ ಜಾರುತ್ತ ತಳದ ಬಂಡೆಯನ್ನು ತೇಯುತ್ತದೆ. ತೇದ ಪುಡಿ ಎಷ್ಟು ನುಣುಪೆಂದರೆ ಬಹುಕಾಲ ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತದೆ, ಬೆಳಕನ್ನು ಚದುರಿಸುತ್ತದೆ. ಆಲ್ಪ್ಸ್‌ನ ಸರೋವರಗಳ ಗುಂಡಿಗಳನ್ನು ಹೆಚ್ಚಾಗಿ ಕೊರೆದು ಬಿಟ್ಟುಹೋದದ್ದು ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಮೇರೆ ಮುಟ್ಟಿದ್ದ ಹಿಮಯುಗ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು.

ಅದೇ ಹೊತ್ತಿಗೆ ನಮ್ಮ ಘಟ್ಟದಲ್ಲಿ ಏನು ನಡೆದಿತ್ತು? ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿ, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಉತ್ತರವನ್ನು ಪ್ರಕಟಿಸಿದರು. ಹಿಮಯುಗ ಇಲ್ಲಿಗೆ ಹಿಮವನ್ನು ತರಲಿಲ್ಲ, ಒಣ ಹವೆಯನ್ನು ತಂದಿತು. ಕಾಡು ಹಿಂದೆ ಸರಿಯಿತು, ಹುಲ್ಲು ಹರಡಿತು. ಅಲ್ಲಿ ಬಂಡೆ ಕೊರೆದು ಸರೋವರಗಳಿಗೆ ಜಾಗವಾಗುತ್ತಿದ್ದಾಗ ಇಲ್ಲಿ ಬೆಟ್ಟದ ನೆತ್ತಿಯಲ್ಲಿ ಹುಲ್ಲು ಚಿಗುರುತ್ತಿತ್ತು. ಕುಮಾರ ಪರ್ವತದ ಮೇಲೆ ಸರೋವರ ಏಕಿಲ್ಲ ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ತೋಚುವುದಿಲ್ಲ. ನೀರನ್ನು ಹಿಡಿದಿಡುವ ಗುಂಡಿ ತೋಡಲು ಇಲ್ಲಿ ಯಾರೂ ಬರಲಿಲ್ಲ. ಬಂದದ್ದು ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದು ಗುಂಡಿ ತೋಡುವುದಿಲ್ಲ, ಸೀಳಿಕೊಂಡು ಹೋಗುತ್ತದೆ.

ಆದರೆ ಬೆಟ್ಟವೆಂದರೆ ಜೊತೆಗೊಂದು ಸರೋವರ ಇರಲೇಬೇಕು, ಅದನ್ನು ನೋಡಲು ನಡೆದುಕೊಂಡೇ ಹೋಗಬೇಕು ಎಂಬ ಆಸೆ ಎಲ್ಲಿಂದ ಬಂತು? ಆಲ್ಪ್ಸ್‌ನ ಜನಕ್ಕೂ ಅದು ಹುಟ್ಟಿನಿಂದ ಬಂದದ್ದಲ್ಲ. ಸ್ವಿಜರ್ಲೆಂಡಿನ ಲುಸರ್ನ್ ಪಟ್ಟಣದ ನೆತ್ತಿಯ ಮೇಲೆ ಪಿಲಾಟಸ್ ಎಂಬ ಬೆಟ್ಟವಿದೆ. ಅದರ ಮೇಲಿದ್ದ ಚಿಕ್ಕ ಕೆರೆಯಲ್ಲಿ ಯೇಸುವಿಗೆ ಶಿಲುಬೆ ಶಿಕ್ಷೆ ವಿಧಿಸಿದ ಪೊಂಟಿಯಸ್ ಪಿಲಾತನ ಪ್ರೇತ ಇದೆ ಎಂದು ಊರಿನವರು ನಂಬಿದ್ದರು. ಯಾರಾದರೂ ಅದಕ್ಕೆ ಕಲ್ಲೆಸೆದರೆ ಬಿರುಗಾಳಿ ಎದ್ದು ಪಟ್ಟಣ ಮುಳುಗುತ್ತದೆಂದು ಹೆದರಿಕೆ. ಅಲ್ಲಿಗೆ ಹೋಗಕೂಡದೆಂದು ಪಟ್ಟಣದ ಆಡಳಿತವೇ ಕಟ್ಟಪ್ಪಣೆ ಮಾಡಿತ್ತು. 1387ರಲ್ಲಿ ಹತ್ತಲು ಹೊರಟ ಆರು ಮಂದಿ ಪಾದ್ರಿಗಳನ್ನು ಸೆರೆಗೆ ಹಾಕಿದರು. ಪಾದ್ರಿಗಳನ್ನೇ! 1555ರಲ್ಲಿ ಜೂರಿಕ್‌ನ ವೈದ್ಯ, ಸಸ್ಯ ಪಂಡಿತ ಕಾನ್ರಾಡ್ ಗೆಸ್ನರ್ ಅನುಮತಿ ಪಡೆದು ಹತ್ತಿದ. ವರ್ಷಕ್ಕೊಂದು ಬೆಟ್ಟವನ್ನಾದರೂ ಹತ್ತಬೇಕು, ಗಿಡಗಳನ್ನು ತಿಳಿಯಲಿಕ್ಕೂ ಮೈಮನಸ್ಸಿನ ಸುಖಕ್ಕೂ ಎಂದು ಸ್ನೇಹಿತನಿಗೆ ಕಾಗದ ಬರೆದಿದ್ದವನು ಈತ. ಇಂದಿನ ಚಾರಣಿಗರಿಗೆ ಕುಲಪುರುಷ ಬೇಕಿದ್ದರೆ ಇವನನ್ನು ಹಿಡಿಯಬಹುದು. 1585ರಲ್ಲಿ ಲುಸರ್ನಿನ ಪಾದ್ರಿಯೊಬ್ಬ ಜನರನ್ನು ಕಟ್ಟಿಕೊಂಡು ಹೋಗಿ ಕೆರೆಗೆ ಕಲ್ಲೆಸೆದು ಪ್ರೇತವನ್ನು ಕೆಣಕಿದ. ಏನೂ ಆಗಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ 1594ರಲ್ಲಿ ಕೋಡಿ ಕಡಿದು ಕೆರೆಯ ನೀರನ್ನೇ ಹರಿಯಬಿಟ್ಟರು. ಈಗ ಆ ಬೆಟ್ಟಕ್ಕೆ ಹಲ್ಲುಗಾಲಿಯ ರೈಲಿದೆ, 1889ರಿಂದ ಓಡುತ್ತಿದೆ.

ಭಯ ಹೋದ ಮೇಲೆಯೇ ಚೆಲುವು ಕಂಡದ್ದು. ಆಲ್ಬ್ರೆಕ್ಟ್ ಫಾನ್ ಹಾಲರ್ 1732ರಲ್ಲಿ ಆಲ್ಪ್ಸ್ ಕುರಿತ ತನ್ನ ದೀರ್ಘ ಕವನವನ್ನು ಪ್ರಕಟಿಸಿದ. ರೂಸೋನ 1761ರ ಕಾದಂಬರಿ ಜಿನೀವಾ ಸರೋವರದ ದಡಕ್ಕೆ ಓದುಗರನ್ನು ಎಳೆದು ತಂದಿತು. 1786ರಲ್ಲಿ ಮೋಂ ಬ್ಲಾಂ ಶಿಖರವನ್ನು ಹತ್ತಿದರು. ಅಲ್ಲಿಂದ ಮುಂದೆ ಬೆಟ್ಟ ನೋಡುವ ಕಣ್ಣು ಯುರೋಪಿನಲ್ಲಿ ಒಂದು ಅಚ್ಚಿಗೆ ಬಿತ್ತು: ಹಿಂದೆ ಬಿಳಿ ಶಿಖರ, ನಡುವೆ ಹುಲ್ಲು, ಮುಂದೆ ನೀರು. ಆ ಕಣ್ಣನ್ನು ಹೊತ್ತುಕೊಂಡೇ ಇಂಗ್ಲಿಷರು ನಮ್ಮ ಘಟ್ಟ ಹತ್ತಿದರು. ಇಲ್ಲಿ ನೋಡಿದರೆ ನೀರೇ ಇಲ್ಲ. ಇಲ್ಲದಿದ್ದರೇನು, ಮಾಡಿದರಾಯಿತು! ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ತೊರೆಗೆ ಒಡ್ಡು ಹಾಕಿಸಿ ಊಟಿಯ ಕೆರೆ ಕಟ್ಟಿಸಿದ. ಕೊಡೈಕೆನಾಲಿನದನ್ನು ಮಧುರೆಯ ಕಲೆಕ್ಟರಾಗಿದ್ದ ವೆರ್ ಲೆವಿಂಜ್ 1863ರಲ್ಲಿ ಕಟ್ಟಿಸಿದ. ಸುತ್ತಲಿನ ಹುಲ್ಲುಗಾವಲು ಬೋಳಾಗಿ ಕಂಡದ್ದರಿಂದ ನೀಲಗಿರಿ ಮರ, ವ್ಯಾಟಲ್ ನೆಡಿಸಿದರು. ಆ ಹುಲ್ಲೂ ಅದರ ನಡುವಿನ ಶೋಲೆಕಾಡೂ ಸೇರಿಯೇ ತೊರೆಗಳಿಗೆ ಬೇಸಿಗೆಯಲ್ಲಿ ನೀರುಣಿಸುತ್ತಿದ್ದವೆಂಬುದು ಅರ್ಥವಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಊಟಿಗೆ ಹೋಗಿ ದೋಣಿಯಲ್ಲಿ ಕೂತು ‘ಎಂಥ ಪ್ರಕೃತಿ’ ಎನ್ನುವವರನ್ನು ಕಂಡರೆ ನನಗೆ ಸಲ್ಲಿವನ್ನನೇ ನೆನಪಾಗುತ್ತಾನೆ.

ಈಗ ಕುಮಾರ ಪರ್ವತವನ್ನು ಅದರ ಪಾಡಿಗೆ ನೋಡೋಣ. ಎತ್ತರ 1,712 ಮೀಟರ್. ಹಿಮಾಲಯದ ಮುಂದೆ ಯಾರೂ ಲೆಕ್ಕಕ್ಕಿಡದ ಸಂಖ್ಯೆ. ಆದರೆ ಸುಬ್ರಹ್ಮಣ್ಯದ ಬುಡದಿಂದ ತುದಿಯವರೆಗೆ ಏರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ಆಲ್ಪ್ಸ್‌ನಲ್ಲಿ ಒಂದು ದಿನಕ್ಕೆ ಇಷ್ಟು ಏರುವವನನ್ನು ಗಟ್ಟಿಗನೆನ್ನುತ್ತಾರೆ. ಮೊದಲು ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ಆಕಾಶ ಕಾಣುವುದು ತೇಪೆ ತೇಪೆಯಾಗಿ. ಕಾಡು ಮುಗಿಯುವಲ್ಲಿ ಗಿರಿಗದ್ದೆಯ ಭಟ್ಟರ ಮನೆ. ತಲೆಮಾರುಗಳ ಚಾರಣಿಗರಿಗೆ ಅನ್ನ, ಸಾರು, ಮಜ್ಜಿಗೆ ಬಡಿಸಿದ ಮನೆ ಅದು. ಅಲ್ಲಿಂದ ಮೇಲೆ ಹುಲ್ಲು, ಬಿಸಿಲು, ನೆರಳೆಂಬುದೇ ಇಲ್ಲದ ಏರು. ಕಲ್ಲು ಮಂಟಪದ ಬಳಿ ಬಾಟಲಿ ತುಂಬಿಕೊಳ್ಳುವಷ್ಟು ನೀರು. ಶೇಷ ಪರ್ವತದ ತುದಿಗೆ ಬಂದರೆ ಒಂದು ಬದಿ ನೆಲವೇ ಇಲ್ಲದ ಹಾಗೆ ಕಡಿದು ನಿಂತ ಪ್ರಪಾತ. ಅದರ ಅಂಚಿನಲ್ಲಿ ನಿಂತವನ ಕಾಲಕೆಳಗೆ ಮೋಡ ಹುಟ್ಟಿ, ಗೋಡೆ ಹತ್ತಿ, ಮುಖಕ್ಕೆ ಬಡಿದು ಹೋಗುತ್ತದೆ. ಮತ್ತೆ ಇಳಿದು ಒಂದು ತುಂಡು ಶೋಲೆಕಾಡು. ಹಾವಸೆ ಹಿಡಿದ ಮರಗಳು, ಹಸಿ ನೆಲ, ಒಳಗೆ ಕಾಲಿಟ್ಟರೆ ಹವೆಯೇ ಬೇರೆ. ಆಮೇಲೆ ನೀರು ಜಿನುಗುವ ಬಂಡೆಯೊಂದನ್ನು ಕೈ ಊರಿ ಹತ್ತಿದರೆ ಕುಮಾರ ಪರ್ವತ.

ಆ ಜಿನುಗುವ ಬಂಡೆಯ ಮುಂದೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಮಳೆ ನಿಂತು ತಿಂಗಳುಗಳಾದ ಮೇಲೂ ಅದು ಒದ್ದೆಯಾಗಿರುತ್ತದಲ್ಲ, ಈ ಬೆಟ್ಟದ ಸರೋವರ ಇರುವುದು ಅಲ್ಲೇ: ಹುಲ್ಲಿನ ಬುಡದಲ್ಲಿ, ಶೋಲೆಯ ಕಪ್ಪು ಮಣ್ಣಿನಲ್ಲಿ, ಬಂಡೆಯ ಬಿರುಕಿನಲ್ಲಿ. ಒಂದು ಕಡೆ ಅದು ಕುಮಾರಧಾರೆಯಾಗಿ ಹೊರಟು ಸೋಮವಾರಪೇಟೆ ಸೀಮೆಯ ಮಲ್ಲಳ್ಳಿಯಲ್ಲಿ ಧುಮುಕಿ, ಬೆಟ್ಟ ಬಳಸಿ ಸುಬ್ರಹ್ಮಣ್ಯಕ್ಕೆ ಬಂದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನಮ್ಮ ಜಾಲ್ಸೂರಿನ ಪಯಸ್ವಿನಿಯೂ ಹೀಗೆಯೇ ಕೊಡಗಿನ ಮಲೆಯಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ಬಂದು, ಗಡಿಯಾಚೆ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ಕುಮಾರ ಪರ್ವತವಿರುವ ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೇರಿಸಿದವರು ನೋಡಿದ್ದು ದೃಶ್ಯವನ್ನಲ್ಲ, ಅಲ್ಲಿಯ ಜೀವರಾಶಿಯನ್ನು.

ಈ ಸೀಮೆಯ ಬೆಟ್ಟವನ್ನು ಕನ್ನಡದಲ್ಲಿ ಯಾರಾದರೂ ಸರಿಯಾಗಿ ಕಂಡಿದ್ದರೆ ಅದು 1943ರ ‘ಬೆಟ್ಟದ ಜೀವ’ದ ಕಾರಂತರು. ದಾರಿ ತಪ್ಪಿ ಬಂದವನೊಬ್ಬನನ್ನು ಅವರು ತುದಿಗೆ ಹತ್ತಿಸಿ ‘ನೋಡು’ ಎನ್ನುವುದಿಲ್ಲ, ಗೋಪಾಲಯ್ಯನ ಮನೆಯ ಜಗಲಿಯಲ್ಲಿ ಕೂರಿಸುತ್ತಾರೆ. ಬೆಟ್ಟ ಅಲ್ಲಿ ಹಿನ್ನೆಲೆಯ ಪರದೆಯಾಗದೆ ಕಾಡಿನೊಡನೆ ಗುದ್ದಾಡಿ ತೋಟ ಮಾಡಿದವನ ನೆರೆಮನೆಯವನಾಗುತ್ತದೆ. ಚಾರಣಕ್ಕೆ ಹೊರಡುವವರು ಚೀಲದಲ್ಲಿ ಒಂದು ಪ್ರತಿ ಇಟ್ಟುಕೊಂಡರೆ ಭಾರವೇನೂ ಆಗದು.

ಪಿಲಾಟಸ್ಸಿನ ಪ್ರೇತ ಹೋದ ಮೇಲೆ ಬೆಟ್ಟಕ್ಕೆ ಕಾವಲು ಯಾರು ಎಂಬ ಪ್ರಶ್ನೆ ಉಳಿದೇ ಇದೆ. ನಮ್ಮಲ್ಲಿ ಶೇಷ, ವಾಸುಕಿ, ಸುಬ್ರಹ್ಮಣ್ಯ ಎಲ್ಲರೂ ಇದ್ದರೂ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜನ ಕುಮಾರ ಪರ್ವತಕ್ಕೆ ಇರುವೆ ಸಾಲಿನಂತೆ ಮುಗಿಬಿದ್ದರು. ಆ ದೃಶ್ಯ ಹರಿದಾಡಿದ ಮೇಲೆ ಸರ್ಕಾರ ಚಾರಣವನ್ನು ತಡೆಹಿಡಿದು, ಆನ್‌ಲೈನ್ ನೋಂದಣಿ ತಂದು, ಒಂದು ದಾರಿಗೆ ದಿನಕ್ಕೆ 300 ಜನರೆಂದು ಮಿತಿ ಹಾಕಿತು. ಇಂಥ ಕಾವಲು ಹೊಸದೇನಲ್ಲ: ಉತ್ತರಾಖಂಡದ ಹೈಕೋರ್ಟು 2018ರಲ್ಲೇ ಅಲ್ಲಿಯ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತ್ತು. ನಮ್ಮ ಬೆಟ್ಟಕ್ಕೆ ಮುನ್ನೂರು ಹೆಚ್ಚೇ ಎಂದು ನನಗೆ ಅನಿಸುತ್ತದೆ. ಟಿಕೆಟ್ ಸಿಗದವರಿಗೆ ಕಡಿಮೆ ಎನಿಸಬಹುದು.

ಸರೋವರ ನೋಡಲೇಬೇಕೆಂದು ಹಿಮಾಲಯಕ್ಕೆ ಹೋಗುವ ಕನ್ನಡಿಗರೂ ವರ್ಷ ವರ್ಷ ಹೆಚ್ಚುತ್ತಿದ್ದಾರೆ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ದಾರಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ಕರ್ನಾಟಕದವರೇ ಹೆಚ್ಚಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು, ಉಳಿದ 13 ಮಂದಿಯನ್ನು ಬದುಕಿಸಿ ತಂದರು. ಅವರಲ್ಲಿ ಹಲವರು ಬೆಟ್ಟ ಬಲ್ಲವರು, ಹೊಸಬರಲ್ಲ. ದುಸ್ಸಾಹಸವೆಂದು ಮನೆಯಲ್ಲಿ ಕೂತು ಹೇಳುವುದು ಸುಲಭ, ನಾನು ಹೇಳಲಾರೆ. ಆ ಎತ್ತರದಲ್ಲಿ ಹವೆ ಕೆಟ್ಟರೆ ಕೆಲವೇ ಗಂಟೆಗಳಲ್ಲಿ ಅನುಭವದ ಬೆಲೆಯೂ ಇಳಿದುಹೋಗುತ್ತದೆ.

ಹಾಗಾದರೆ ನಮ್ಮ ಗುಡ್ಡೆಗಳ ಮೇಲೆ ಕೆರೆ ಇಲ್ಲವೇ ಇಲ್ಲವೆ? ಇದೆ. ಹುಡುಗರು ಅದನ್ನು ದಾಟಿಕೊಂಡೇ ಬೈಕು ಓಡಿಸುತ್ತಾರೆ. ಕಾಸರಗೋಡಿನಿಂದ ಪುತ್ತೂರು, ಸುಳ್ಯದವರೆಗೆ ಮುರಕಲ್ಲಿನ ಗುಡ್ಡೆಗಳ ನೆತ್ತಿಯಲ್ಲಿ ತಾನಾಗಿ ತಗ್ಗಿದ ಜಾಗಕ್ಕೆ ಇಳಿಜಾರಿನ ಬದಿಯಲ್ಲಿ ಮಣ್ಣಿನ ದಂಡೆ ಹಾಕಿ ಮಳೆನೀರು ನಿಲ್ಲಿಸುತ್ತಿದ್ದರು. ಮದಕ ಎನ್ನುತ್ತಾರೆ. ಅದರಿಂದ ಯಾರೂ ನೀರು ಸೇದುವುದಿಲ್ಲ, ಕಾಲುವೆಯೂ ಇಲ್ಲ. ತುಂಬಿದ್ದು ಇಂಗಬೇಕು, ಅಷ್ಟೇ ಅದರ ಕೆಲಸ. ಇಂಗಿದ ನೀರು ಗುಡ್ಡೆಯ ಹೊಟ್ಟೆಯಲ್ಲಿ ಮೆಲ್ಲಗೆ ಇಳಿದು ಬೇಸಿಗೆಯಲ್ಲಿ ತೋಟದ ಕೆರೆಗೆ, ಬಾವಿಗೆ, ಸುರಂಗಕ್ಕೆ ಒದಗುತ್ತದೆ. ಸುರಂಗವೂ ಈ ಸೀಮೆಯದೇ ಜಾಣ್ಮೆ: ಗುಡ್ಡೆಗೆ ಅಡ್ಡಲಾಗಿ ಆಳು ನಡೆಯುವಷ್ಟು ಎತ್ತರಕ್ಕೆ ಕೊರೆದುಕೊಂಡು ಹೋಗಿ, ಒಸರು ಸಿಕ್ಕಲ್ಲಿಂದ ನೀರನ್ನು ಪಂಪಿಲ್ಲದೆ ಹೊರಗೆ ಹರಿಸುವುದು. ಅಡ್ಯನಡ್ಕದ ಸಮೀಪ ಬೋಳುಗುಡ್ಡೆಯೊಂದರಲ್ಲಿ ಒಬ್ಬರೇ ಒಂದರ ಮೇಲೊಂದು ಸುರಂಗ ಕೊರೆದು, ಹಲವು ಬರಿದಾದರೂ ಬಿಡದೆ, ಕಡೆಗೆ ನೀರು ಕಂಡು ಅಡಿಕೆ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಮದಕ, ಸುರಂಗ, ತೊರೆಗೆ ಅಡ್ಡ ಹಾಕುವ ಕಟ್ಟಗಳ ಬಗ್ಗೆ ದಶಕಗಳಿಂದ ಬರೆಯದಿದ್ದರೆ ಇವು ಇವೆಯೆಂದೇ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಕೊಳವೆಬಾವಿ ಬಂದ ಮೇಲೆ ಮದಕದ ದಂಡೆ ಒಡೆದರೆ ಕಟ್ಟುವವರಿಲ್ಲ. ಹಲವು ಕಡೆ ತಗ್ಗು ತುಂಬಿಸಿ ರಬ್ಬರು ಹಾಕಿದ್ದೂ ಆಗಿದೆ.

ಮದಕ ಚಂದವೆ? ಜುಲೈಯಲ್ಲಿ ಅದರ ನೀರು ಕೆಮ್ಮಣ್ಣಿನ ಬಣ್ಣ, ಸೆಪ್ಟೆಂಬರಿನಲ್ಲಿ ತಿಳಿ, ಸುತ್ತ ಮೊಣಕಾಲೆತ್ತರದ ಹುಲ್ಲು, ಪಾರೆಯ ಮೇಲೆ ನೆಲಕ್ಕಂಟಿದ ನೀಲಿ, ಬಿಳಿ ಹೂ. ಬೇಸಿಗೆಗೆ ಬರಿ ತಗ್ಗು, ಅದರಲ್ಲಿ ಮೇಯುವ ದನ. ಮದಕ ನೋಡಬೇಕಾದ ತಿಂಗಳುಗಳಲ್ಲಿ ಕುಮಾರ ಪರ್ವತದ ದಾರಿ ಮುಚ್ಚಿರುತ್ತದೆ, ಹಾಗಾಗಿ ಎರಡಕ್ಕೂ ಜಗಳವಿಲ್ಲ. ಟಿಕೆಟ್ ಬೇಡ, ನೋಂದಣಿ ಬೇಡ. ಹೆಚ್ಚಿನವು ಯಾರದೋ ತೋಟದ ತಲೆಯ ಮೇಲಿರುವುದರಿಂದ ಮನೆಯವರನ್ನು ಕೇಳಿ ಹತ್ತಬೇಕು. ಕಾಲಿಗೆ ಇಂಬಳ ಹತ್ತುತ್ತದೆ, ಒಂದಷ್ಟು ಸುಣ್ಣ ಜೊತೆಗಿರಲಿ.