ಮೈಕಿನಲ್ಲಿ ಗಾಡಿ ಓಡಿಸಿದವನ ಹೆಸರೂ ಬರಲಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಜೋಡೆತ್ತಿನ ಗಾಡಿ ಓಟ ಅಂದ್ರೆ ನಂಗೂ ಹುಚ್ಚೇ. ಧೂಳಲ್ಲಿ ಗಾಡಿ ಕಾಣದಿದ್ರೂ ಗಾಲಿ ಸದ್ದಿಗೇ ಕೂಗಿದವರು ನಾವು. ಅಜ್ಜಂಪುರದಲ್ಲಿ ಸಾಕೋ ಅಮೃತ್ ಮಹಲ್ ತಳಿ ಹೈದರ್, ಟಿಪ್ಪು ಸೈನ್ಯದ ತೋಪು ಎಳೆದದ್ದು, ಆ ಓಟ ಸುಮ್ನೆ ಬಂದದ್ದಲ್ಲ.

2017ರ ತಿದ್ದುಪಡಿ ಕಂಬಳದ ಜೊತೆ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂತೋಷ. ಎತ್ತಿಗೆ ಹಿಂಸೆ ಆಗ್ಬಾರ್ದು ಅನ್ನೋ ಷರತ್ತೂ ಇರಲೇಬೇಕು. ಆದ್ರೆ ಪ್ರಾಣ ಒತ್ತೆ ಇಟ್ಟು ಗಾಡಿ ಹತ್ತೋ ಹುಡುಗನನ್ನ ಕೇಳೋರು ಯಾರು? ನಾನು ನೋಡಿದ ಎಷ್ಟೋ ಓಟಗಳಲ್ಲಿ ಮೈಕಲ್ಲಿ ಕೂಗೋದು ಯಜಮಾನನ ಹೆಸರು, ಬಹುಮಾನವೂ ಅವನ ಕೈಗೇ. ಎತ್ತಿಗಾದ್ರೂ ಹಾರ ಬೀಳುತ್ತೆ. ಓಡಿಸಿದವನು ಕೇರಿ ಹುಡುಗನಾದ್ರೆ 'ನಮ್ ಆಳು' ಅಷ್ಟೇ. ತೊಗಲು ಹದ ಮಾಡಿ ಮಿಣಿ, ಬಾರುಕೋಲು ಕೊಟ್ಟ ಮಾದಿಗರ ಕಸುಬಂತೂ 'ಸಂಸ್ಕೃತಿ' ಅನ್ನುವಾಗ ಯಾರಿಗೂ ನೆನಪಾಗಲ್ಲ.

2020ರಲ್ಲಿ ಕಂಬಳದ ಶ್ರೀನಿವಾಸ ಗೌಡರ ಹೆಸರು ದೇಶಕ್ಕೇ ಗೊತ್ತಾಯ್ತು. ಅವರೂ ಕಟ್ಟಡ ಕೆಲಸದವರೇ. ನಮ್ಮ ಕಡೆ ಯಾಕಾಗಲ್ಲ?

ಜಾತ್ರೆ ಸಮಿತಿಯವರೇ, ಓಡಿಸಿದವರ ಹೆಸರು ಕೂಗಿ, ಬಹುಮಾನದಲ್ಲಿ ಪಾಲು ಬರೆದಿಡಿ, ವಿಮೆ ಮಾಡಿಸಿ. ಚಂದಾ ಕೇಳೋಕೆ ಕೇರಿಗೆ ಬರ್ತೀರಲ್ಲ, ಆಗ ರಸೀದಿಗಿಂತ ಮೊದಲು ಇದಕ್ಕೆ ಉತ್ತರ ಕೊಡಿ.